ಮುನಿಲಕ್ಷ್ಮಮ್ಮನವರ ಪ್ರೇಮಿ ದೆವ್ವ

ಕೋಣನಕುಂಟೆಯಿಂದ ಯಡಿಯೂರಿನವರೆಗೆ ನನ್ನ ಕೆಂಪು ಪೆನ್ನಿಗೆ ಬಗ್ಗದ ಹಸ್ತಪ್ರತಿಯೇ ಇಲ್ಲ. ಈಗ ಕೈಯಲ್ಲಿರುವುದು ಪುಟ್ಟೇನಹಳ್ಳಿಯ ಮುನಿಲಕ್ಷ್ಮಮ್ಮನವರು ತಾವೇ ಅಚ್ಚು ಹಾಕಿಸಲು ಹೊರಟಿರುವ ಪ್ರೇಮದ ಕಿರುಕಾದಂಬರಿ. ಅದರಲ್ಲಿ ನಾಯಕನೇ ದೆವ್ವ. ಬೇರೆಯವರ ದೆವ್ವ ಬಿಳಿ ಬಟ್ಟೆ ಉಟ್ಟರೆ ಇವರದ್ದು ಪಟಾಪಟಿ ಚಡ್ಡಿ ಹಾಕಿಕೊಂಡು, ಒಂದೇ ಪುಟದಲ್ಲಿ ಹನ್ನೆರಡು ಮುದ್ದೆ ನುಂಗಿ, ಹಳೆಯ ಸೊಪ್ಪಿನ ತೋಟದ ಮೇಲೆದ್ದ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಗುದ್ದಲಿ ಹಿಡಿದು ನೀರು ಹಾಯಿಸುತ್ತದೆ. ಒಂದೊಂದು ಅಧ್ಯಾಯ ಮುಗಿದಾಗಲೂ, ಪಿತೃಪಕ್ಷ ಬರಲಿ ಬಿಡಲಿ, ಮುನಿಲಕ್ಷ್ಮಮ್ಮನವರು ತೀರಿಹೋದ ತಮ್ಮ ಯಜಮಾನರ ಫೋಟೋ ಮುಂದೆ ಮುದ್ದೆ, ಬೀಡಿಕಟ್ಟು ಎಡೆಯಿಟ್ಟು ಅದನ್ನು ಗಟ್ಟಿಯಾಗಿ ಓದುತ್ತಾರೆ. ಕೊನೆಯ ಅಧ್ಯಾಯ ಮಾತ್ರ ಆರು ತಿಂಗಳಾದರೂ ಬಂದಿಲ್ಲ. “ದೆವ್ವಕ್ಕೆ ಮುಕ್ತಿ ಕೊಟ್ಬಿಡ್ರಮ್ಮ, ಪ್ರೆಸ್‌ನೋರು ಕಾಯ್ತಿದ್ದಾರೆ” ಎಂದೆ. “ಅವ್ರನ್ನ ಒಂದ್ಸಲ ಕಳಿಸ್ಕೊಟ್ಟಿದ್ದೀನಲ್ಲ ಸಾರ್, ಸಾಕು. ಬರೆಯೋಳೂ ನಾನೇ, ಪ್ರಕಾಶಕಿನೂ ನಾನೇ. ಅವ್ರೆಲ್ಲೂ ಹೋಗಲ್ಲ, ಹಂಗೇ ಅಚ್ಚಾಕ್ಸಿ!”