ಮಾರ್ಚ್ ಮುಗಿಯುವ ಮೊದಲು ಹಾಕಿದ ಕಾಲುದಾರಿ

ಮೊಣಕಾಲಿನ ಆಪರೇಷನ್ ಆದ ಮೇಲೆ ಅವ್ವ ಧಾರವಾಡದಿಂದ ವಿಶಾಖಪಟ್ಟಣಕ್ಕೆ, ನಮ್ಮ ಎಂವಿಪಿ ಕಾಲೋನಿಯ ಮನೆಗೆ ಬಂದಳು. ದಿನಾ ಸಮನೆಲದ ಮೇಲೆ ನಡೆಯದಿದ್ದರೆ ಕಾಲು ಮತ್ತೆ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಎದುರಿನ ಪಾರ್ಕಿನಲ್ಲಿ ಆಗಷ್ಟೇ ಹೊಸ ಕಾಲುದಾರಿ ಆಗುತ್ತಿತ್ತು. ಆ ಕೆಲಸ ನನ್ನ ಗಂಡನದೇ; ಅವರು ಸರ್ಕಾರಿ ಎಂಜಿನಿಯರು, ತೆಲುಗು ಮನೆಯವರು, ಮದುವೆಯಾದ ಮೇಲೆ ನನ್ನಿಂದ ಕನ್ನಡ ಕಲಿತವರು.

ಪಾರ್ಕಿನ ಹಣಕ್ಕಾಗಿ ಅವರು ವಿಜಯವಾಡದ ಕಚೇರಿಗೆ ಎಷ್ಟು ಸಲ ರೈಲು ಹತ್ತಿದ್ದರೋ. ಕೊನೆಗೆ ಮಾರ್ಚ್ ಶುರುವಾದ ಮೇಲೆ ಮಂಜೂರಾತಿಯನ್ನೂ ಅಲ್ಲಿನ ಇಂದ್ರಕೀಲಾದ್ರಿ ಬೆಟ್ಟದ ದೇವಿಯ ಪ್ರಸಾದವನ್ನೂ ಒಟ್ಟಿಗೇ ತಂದರು. ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದಿದ್ದರೆ ಹಣ ವಾಪಸ್, ಮುಂದಿನ ಕಂತೂ ಇಲ್ಲ. ಬಿಸಿಲಿನಲ್ಲಿ ನಿಂತು ಟೈಲ್ಸ್ ಹಾಕಿಸಿದರು. ನನಗೂ ಹೆಮ್ಮೆಯೇ ಆಗಿತ್ತು, ಸುಳ್ಳೇಕೆ ಹೇಳಲಿ.

ಅವ್ವ ಆ ದಾರಿಯಲ್ಲಿ ಮೊದಲು ಕೋಲೂರಿ, ಆಮೇಲೆ ಕೋಲು ಬಿಟ್ಟು ನಡೆದಳು. ವಾಕಿಂಗಿಗೆ ಬರುವ ಹೆಂಗಸರು ಅವಳನ್ನು ತಮ್ಮ ಗುಂಪಿಗೆ ಸೇರಿಸಿಕೊಂಡರು. ಕಿವಿಗೆ ಬಿದ್ದೂ ಬಿದ್ದೂ ತೆಲುಗು ಅರ್ಥವಾಗತೊಡಗಿತು. ದಾರಿ ಹಾಕಿಸಿದ್ದು ತನ್ನ ಅಳಿಯ ಎಂದು ಹೇಳುವಷ್ಟನ್ನಂತೂ ನನ್ನಿಂದ ಕೇಳಿ ಕಲಿತು, ಕಂಡಕಂಡವರಿಗೆಲ್ಲ ಹೇಳಿದಳು.

ಮೇ ತಿಂಗಳಲ್ಲಿ ಜೆಸಿಬಿ ಬಂತು. ಆ ದಾರಿಯ ಕೆಳಗೇ ಮಳೆನೀರಿನ ಚರಂಡಿ ಹೋಗಬೇಕಂತೆ. ಚರಂಡಿಯ ಹಣ ಬೇರೆ ಯೋಜನೆಯದು, ಈಗ ಬಿಡುಗಡೆಯಾಗಿದೆ ಎಂದು ನನ್ನ ಗಂಡ ಅನ್ನ ಕಲಸುತ್ತಲೇ ಹೇಳಿದರು.

ಅವ್ವ ಮೆಲ್ಲಗೆ ಕೇಳಿದಳು, "ಚರಂಡಿ ಬರೋದು ನಿಮಗ ಮೊದ್ಲ ಗೊತ್ತಿತ್ತೇನ್ರಿ?"

"ಪ್ಲಾನಿನಲ್ಲೇ ಇತ್ತು ಅತ್ತಯ್ಯ. ಅದಕ್ಕೆ ಕಾದಿದ್ರೆ ಪಾರ್ಕಿನ ಫಂಡ್ ಲ್ಯಾಪ್ಸ್ ಆಗ್ತಿತ್ತು."

ಅದರಲ್ಲೇನು ತಪ್ಪು ಎಂಬಂತೆ ಸಾರು ಬಡಿಸಿಕೊಂಡರು. ನಾನು ನಾಚಿಕೆಯಿಂದ ಹಿಡಿಯಾದೆ. ಆದರೂ ಸರ್ಕಾರದ ಕೆಲಸವೆಂದರೆ ಹೀಗೇ ಅವ್ವಾ ಎಂದು ಗಂಡನ ಪರವಾಗಿಯೇ ಮಾತಾಡಿದೆ.

ಮರುದಿನ ಅವಳ ಕೈ ಹಿಡಿದು ಅಗೆದ ಜಾಗದವರೆಗೆ ಹೋದೆ. ಹೆಂಗಸರು ಒಡೆದ ಟೈಲ್ಸ್ ನೋಡುತ್ತ ನಿಂತಿದ್ದರು. ಹಾಕಿಸಿದ್ದು ನಿಮ್ಮ ಅಳಿಯನೇ ಅಲ್ಲವೇ, ಈಗ ಯಾಕೆ ಒಡೆಸುತ್ತಿದ್ದಾರೆ ಎಂದು ಅವರಲ್ಲೊಬ್ಬರು ಅವ್ವನನ್ನು ತೆಲುಗಿನಲ್ಲಿ ಕೇಳಿದರು. ಚುಚ್ಚಬೇಕೆಂದು ಕೇಳಿದ್ದಲ್ಲ. ಅವ್ವನಿಗೆ ಒಂದೊಂದು ಮಾತೂ ಅರ್ಥವಾಗಿತ್ತು, ಅದು ನನಗೆ ಗೊತ್ತು.

"ನಂಗ ತೆಲುಗು ತಿಳಿಯಂಗಿಲ್ರೀ," ಎಂದಳು ಅವ್ವ, ಕನ್ನಡದಲ್ಲೇ.

ಆಕೆ ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಅವ್ವನಿಗೆ ಕಾಲು ನೋಯುತ್ತಿದೆ ಎಂದು ಹೇಳಿ, ನಾನು ಅವಳನ್ನು ಮನೆಗೆ ಕರೆದುಕೊಂಡು ಬಂದೆ.