ಏಳನೇ ಗೋಡೆಯಲ್ಲಿ ಬೀಳೋ ಸಿಪಾಯಿ

ಕೊಟ್ರಪ್ಪನ ಕಾಲು ಬೆಳಿಗ್ಗೆಯಿಂದ ಮೇಜಿನ ಕೆಳಗೆ ಅಲ್ಲಾಡ್ತಾನೇ ಇತ್ತು. ಬೆಳ್ಳಂದೂರಿನ ಈ ಗೇಮ್ ಕಂಪನಿಗೆ ಸೇರಿ ಒಂದು ತಿಂಗಳು. ಇವತ್ತು ಶುಕ್ರವಾರ, ಟ್ರಯಲ್ ಮುಗಿಯೋ ದಿನ. ಸೋಮವಾರ ಬಾ ಅಂತಾರೋ, ಬೇಡ ಅಂತಾರೋ, ತಲೇಲಿ ಅದೊಂದೇ.

ಪೀಣ್ಯದಲ್ಲಿ ತಗಡು ಒತ್ತೋ ಪ್ರೆಸ್ ಶಾಪ್ ಮುಚ್ಚಿದ್ಮೇಲೆ ಐದು ತಿಂಗಳು ಖಾಲಿ ಕೂತಿದ್ದ. ಓದಿದ್ದು ಏಳನೇ ಕ್ಲಾಸು. ಇಲ್ಲಿ ಅದನ್ನ ಯಾರೂ ಕೇಳ್ಲಿಲ್ಲ. ಹೊಸ ಗೇಮ್ ಹೊರಗೆ ಬಿಡೋಕೆ ಮುಂಚೆ ದಿನಾ ಪೂರ್ತಿ ಆಡ್ಬೇಕು, ಎಲ್ಲಿ ಕೆಡುತ್ತೆ ಅಂತ ಹುಡುಕ್ಬೇಕು. ಸಿಕ್ಕಿದ ತಪ್ಪನ್ನ ಮತ್ತೆ ಮಾಡಿ ತೋರಿಸ್ಬೇಕು. ಆಗ್ಲಿಲ್ಲ ಅಂದ್ರೆ ಕಂಪ್ಲೇಂಟ್ ಮುಚ್ಚಿಬಿಡ್ತಾರೆ. ಅವನದು ಆಗ್ಲೇ ಎರಡು ಮುಚ್ಚಿತ್ತು.

ಇದು ಮೂರನೇದು. ಕೋಟೆಯೊಳಗೆ ಓಡೋ ಸಿಪಾಯಿ ಏಳನೇ ಗೋಡೆ ಹತ್ರ ಗೋಡೆಯೊಳಗೇ ನುಗ್ಗಿ, ನೆಲದ ಕೆಳಗೆ ಬಿದ್ದು ಹೋಗ್ತಿದ್ದ.

ಗೇಮ್ ಬರೆದ ಬಿಂದುಶ್ರೀ ಪಕ್ಕದಲ್ಲಿ ನಿಂತ್ರು. "ತೋರ್ಸಿ."

ಕೊಟ್ರಪ್ಪ ಹುಷಾರಾಗಿ ಆಡಿದ. ಫೋನ್ ಪರದೆ ಮೇಲೆ ಎಡಗಡೆ ಬಟನ್ ಒತ್ತಿದ, ಸಿಪಾಯಿ ಹಾರಿದ. ಬಲಗಡೆ ಒತ್ತಿದ, ಕತ್ತಿ ಬೀಸಿದ. ಗೋಡೆ ದಾಟಿದ. ಬೀಳ್ಲಿಲ್ಲ.

"ವಿಡಿಯೋ ಐತಲ್ರೀ ಮೇಡಂ."

"ಬಿದ್ದಿದ್ದು ಕಾಣ್ಸುತ್ತೆ. ಹೆಂಗೆ ಬಿದ್ದ ಅಂತ ಗೊತ್ತಾಗ್ದೆ ಏನು ಸರಿಮಾಡ್ಲಿ? ನಾಳೆ ಗೇಮ್ ಬಿಡ್ಬೇಕು. ಊಟ ಮಾಡ್ಕೊಂಡು ಬರ್ತೀನಿ, ಆಮೇಲೆ ಕ್ಲೋಸ್ ಮಾಡ್ತೀನಿ."

ಪಕ್ಕದ ಟೆಸ್ಟರ್ ದೇವರಾಜ್ ನಕ್ಕ. "ಗುರು, ನಿನ್ನೊಬ್ಬನ ಕೈಲೇ ಬೀಳ್ತಾನಲ್ಲ ಅವ್ನು! ಸಾಲ ಗೀಲ ಕೊಟ್ಟಿದ್ಯಾ, ತಲೆ ಮರೆಸ್ಕೊಳ್ಳೋಕೆ?"

ಕೊಟ್ರಪ್ಪ ಊಟಕ್ಕೆ ಏಳ್ಲಿಲ್ಲ. ಎದ್ದ, ಕೂತ. ಬಾಟ್ಲಿ ಮುಚ್ಚಳ ತೆಗೆದ, ನೀರು ಕುಡೀದೆ ಮುಚ್ಚಿದ. ಮತ್ತೆ ಫೋನ್ ಹಿಡ್ಕೊಂಡ. ಸಿಟ್ಟಲ್ಲಿ ಆಡಿದ, ಕೈ ಕಡೆ ಗಮನ ಇಲ್ದೆ ಆಡಿದ.

ಸಿಪಾಯಿ ಬಿದ್ದ.

ಈ ಸಲ ಕೊಟ್ರಪ್ಪ ಅಲ್ಲಾಡ್ಲಿಲ್ಲ. ಉಸಿರು ಬಿಗಿಹಿಡಿದು ಕೈ ನೋಡ್ಕೊಂಡ. ಎರಡು ಹೆಬ್ಬೆಟ್ಟೂ ಎರಡು ಬಟನ್ ಮೇಲೆ ಒಟ್ಟಿಗೆ ಕೂತಿದ್ವು.

ಹನ್ನೊಂದು ವರ್ಷ ಪವರ್ ಪ್ರೆಸ್ ಮುಂದೆ ನಿಂತ ಕೈ ಅದು. ಅಲ್ಲಿ ಒಂದೇ ಬಟನ್ ಒತ್ತಿದ್ರೆ ಪ್ರೆಸ್ ಇಳಿಯಲ್ಲ. ಎರಡು ಕೈಯೂ ಬಟನ್ ಮೇಲೇ ಇರ್ಬೇಕು, ಆಗ ಯಾವ ಕೈಯೂ ಕೆಳಗೆ ಸಿಕ್ಕೊಳ್ಳಲ್ಲ. ಒಂದು ಬಟನ್‌ಗೆ ಮರದ ಚೂರು ಸಿಕ್ಕಿಸಿ ಬೇಗ ಬೇಗ ಕೆಲಸ ಮಾಡಿದ ಜೊತೆಗಾರ ನರಸಪ್ಪನ ಎರಡು ಬೆರಳು ಹೋದ್ವು. ಕೊಟ್ರಪ್ಪ ಯಾವತ್ತೂ ಹಂಗೆ ಮಾಡ್ದೋನಲ್ಲ.

ಕೈ ತೆಗೀಲಿಲ್ಲ. ಬಿಂದುಶ್ರೀ ಬರೋವರೆಗೂ ಹಂಗೇ ಕೂತಿದ್ದ.

"ಮೇಡಂ, ಪರದೆ ಬಿಡ್ರಿ. ನನ್ನ ಕೈ ನೋಡ್ರಿ."

ಬಿಂದುಶ್ರೀ ತಮ್ಮ ಫೋನಲ್ಲಿ ಏಳನೇ ಗೋಡೆ ಹತ್ರ ಎರಡೂ ಬಟನ್ ಒಟ್ಟಿಗೆ ಒತ್ತಿದ್ರು. ಬಿದ್ದ. ಇನ್ನೊಂದ್ಸಲ. ಮತ್ತೆ ಬಿದ್ದ.

"ಅಯ್ಯೋ! ಯಾರ್ರೀ ಹಿಂಗೆ ಒತ್ತೋರು?"

"ಪೀಣ್ಯದಾಗ ಎಲ್ರೂ ರೀ."

ದೇವರಾಜ್ ಕುರ್ಚಿ ಎಳ್ಕೊಂಡು ಬಂದು ತಾನೂ ಒತ್ತಿ ನೋಡ್ದ. ಸಿಪಾಯಿ ಅವನ ಕೈಲೂ ಬಿದ್ದ.

ಬಿಂದುಶ್ರೀ ಮುಚ್ಚಿದ್ದ ಎರಡು ಕಂಪ್ಲೇಂಟೂ ತೆಗೆದು ಹಂಗೇ ಒತ್ತಿದ್ರು. ಎರಡೂ ನಿಜ. ಹಣೆ ಉಜ್ಜಿಕೊಂಡ್ರು. "ನಾಳೆ ಬಿಡೋಕಾಗಲ್ಲ ಇದು. ಎಲ್ಲಾ ಗೋಡೆನೂ ಮತ್ತೆ ಆಡಿ ನೋಡ್ಬೇಕು. ಸೋಮವಾರದಿಂದ ಶುರು ಮಾಡಿ ಕೊಟ್ರಪ್ಪ."

ಸೋಮವಾರ ಅಂದ್ರಲ್ಲ. ಕೊಟ್ರಪ್ಪ ಫೋನ್ ಹತ್ರಕ್ಕೆ ಎಳ್ಕೊಂಡ.

"ಗೋಡೆ ಎಷ್ಟು ಅದಾವ್ರೀ?"

"ಇನ್ನೂರ ಹತ್ತು."

"ಸೋಮವಾರ ಯಾಕ್ರೀ," ಅಂದ. ಆಗ್ಲೇ ಮೊದಲನೇ ಗೋಡೆ ತೆಗೆದಿದ್ದ.