ಪದವಿ ಸಿಗದ ಹಳೆಯ ವಿದ್ಯಾರ್ಥಿನಿ

ನಮ್ಮ ವಿಶ್ವವಿದ್ಯಾಲಯಕ್ಕೆ ದೇಶದ ರ‍್ಯಾಂಕಿಂಗ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ ಎಂದು ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನ ಗೇಟಿಗೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ನಾನು ಆ ಫ್ಲೆಕ್ಸಿನ ನೆರಳಿನಲ್ಲೇ ನಿಂತಿದ್ದೆ. ಊಟಕ್ಕೆ ಹೋದ ಗುಮಾಸ್ತರು ಇನ್ನೂ ಬಂದಿರಲಿಲ್ಲ. ಮೊದಲು ಅಲ್ಲೊಂದು ಹೊಂಗೆ ಮರವಿತ್ತು. ಕಾಲೇಜು ನೋಡಿ ಗ್ರೇಡು ಕೊಡಲು ಬರುವ ಕಮಿಟಿಯವರ ಕಾರು ನಿಲ್ಲಿಸಲು ಜಾಗ ಬೇಕೆಂದು ಅದನ್ನು ಕಡಿಸಿಬಿಟ್ಟಿದ್ದರು. ಆ ರ‍್ಯಾಂಕಿನಿಂದ ನನಗೆ ಆದ ಉಪಕಾರವೆಂದರೆ ಅಂದಿನ ಆ ನೆರಳು ಮಾತ್ರ.

ನನ್ನ ಕಥೆ ಹೇಳುವುದಕ್ಕೇ ಈಗ ಬೇಸರ. ಅಷ್ಟು ಆಫೀಸು ಕಿಟಕಿಗಳ ಮುಂದೆ ಹೇಳಿ ಹೇಳಿ ನಾಲಿಗೆ ಸವೆದಿದೆ. ಬಿಎಸ್ಸಿ ಕೊನೆಯ ಸೆಮಿಸ್ಟರ್ ಬರೆದಿದ್ದೆ. ಎಲ್ಲ ವಿಷಯದಲ್ಲೂ ಒಳ್ಳೆಯ ಅಂಕ ಬಂದಿತ್ತು. ಭೌತಶಾಸ್ತ್ರದ ಒಂದು ಪತ್ರಿಕೆಯ ಎದುರು ಮಾತ್ರ ಅಂಕವಿಲ್ಲ, ಬರೀ ಒಂದು ಗೀಟು. ಆ ಗೀಟಿನ ದೆಸೆಯಿಂದ ಇಡೀ ಫಲಿತಾಂಶವನ್ನೇ ತಡೆಹಿಡಿದಿದ್ದರು. ಫೇಲಾದವರಾದರೆ ಮತ್ತೆ ಕಟ್ಟಿ ಬರೆಯುತ್ತಾರೆ. ಗೀಟು ಬಂದವರು ಏನು ಮಾಡಬೇಕು? ಅದನ್ನು ಹೇಳುವವರು ಕಾಲೇಜಿನಲ್ಲೂ ಇರಲಿಲ್ಲ, ವಿಶ್ವವಿದ್ಯಾಲಯದಲ್ಲೂ ಇರಲಿಲ್ಲ.

ನನಗೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಬೇಕಿತ್ತು. ಅದಕ್ಕೆ ಬಿಎಡ್ ಬೇಕು, ಬಿಎಡ್‌ಗೆ ಪದವಿ ಬೇಕು. ಚಿಂತಾಮಣಿಯ ಕಾಲೇಜೊಂದರಲ್ಲಿ ಸೀಟು ಸಿಗುವಂತಿತ್ತು. ಮೊದಲ ವರ್ಷ ಫಲಿತಾಂಶ ಇಲ್ಲದೆ ಅದು ಕೈತಪ್ಪಿತು. ಇದು ಎರಡನೆಯ ವರ್ಷ, ದಾಖಲೆ ಪರಿಶೀಲನೆಯ ಕೊನೆಯ ದಿನ ಹತ್ತಿರ ಬರುತ್ತಿತ್ತು. ಶಿಡ್ಲಘಟ್ಟದ ಮನೆಯಲ್ಲಿ ಅಮ್ಮನ ಪಕ್ಕ ಕೂತು ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವುದೇ ನನ್ನ ಕೆಲಸವಾಗಿತ್ತು. ಆ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ನನ್ನನ್ನು ಓದಿಸಿದ್ದೂ ಅದೇ. ಆದರೆ ಅಮ್ಮನ ಬೆರಳುಗಳ ಚರ್ಮ ನೋಡಿದವರಿಗೆ ನನಗೇಕೆ ಅಷ್ಟು ಅವಸರವಿತ್ತು ಎಂದು ವಿವರಿಸಬೇಕಿಲ್ಲ.

ಆ ದಿನ ಗುಮಾಸ್ತರು ಹಲ್ಲುಕಡ್ಡಿ ಕಚ್ಚಿಕೊಂಡೇ ಬಂದರು.

"ಮತ್ತೆ ಬಂದ್ಯೇನಮ್ಮ? ನಿನ್ ಇಂಟರ್ನಲ್ ಅಂಕ ಪೋರ್ಟಲ್ಗೆ ಹತ್ತಿಲ್ಲ ಅಂತ ಹೇಳಿದ್ನಲ್ಲ."

"ನೀವೇ ಹತ್ಸಿ ಸಾರ್."

"ಪಾಠ ಮಾಡಿದ ಮೇಷ್ಟ್ರ ಲಾಗಿನ್ನಲ್ಲೇ ಹತ್ಬೇಕು. ಅವ್ರು ಗೆಸ್ಟು. ಹೋದ್ರಲ್ಲ."

"ಹಂಗಾದ್ರೆ ನಾನು ಫೇಲಾ ಸಾರ್?"

"ಛೆ ಛೆ, ಬಿಡ್ತು ಅನ್ನು. ಫೇಲೂ ಅಲ್ಲ, ಪಾಸೂ ಅಲ್ಲ. ನಮ್ ಲೆಕ್ಕದಲ್ಲೇ ಬರಲ್ಲ ನೀನು. ನಮ್ ಕಾಲೇಜಲ್ಲಿ ಎಲ್ರೂ ಟೈಮಿಗೆ ಸರಿಯಾಗಿ ಪಾಸಾಗ್ತಾರೆ ಅಂತ ಕಮಿಟಿಗೆ ಕಳ್ಸಿದೀವಿ."

ಅವರು ಅದನ್ನು ನನಗೆ ಸಮಾಧಾನವಾಗಲಿ ಎಂದೇ ಹೇಳಿದರು. ಮೈಯೆಲ್ಲ ಉರಿದುಹೋಯಿತು. ಆದರೆ ಗುಮಾಸ್ತರ ಮೇಲೆ ರೇಗಿದರೆ ನಾಳೆ ಮತ್ತೆ ಅದೇ ಕಿಟಕಿಗೆ ಬರಬೇಕಲ್ಲ, ಬಾಯಿ ಮುಚ್ಚಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.

ನಮಗೆ ಭೌತಶಾಸ್ತ್ರ ಹೇಳಿಕೊಟ್ಟವರು ಅತಿಥಿ ಉಪನ್ಯಾಸಕರು. ಹೆಸರಿಗಷ್ಟೇ ಅತಿಥಿ. ವರ್ಷಗಟ್ಟಲೆ ದುಡಿದರೂ ಸೆಮಿಸ್ಟರ್ ಮುಗಿದ ಮರುದಿನವೇ ಅವರನ್ನು ಬಿಡುಗಡೆ ಮಾಡುತ್ತಾರೆ. ಬಿಡುಗಡೆಯಾದ ಕೂಡಲೇ ಲಾಗಿನ್ನೂ ಬಂದ್. ಅಂಕ ಹಾಕುವ ಪೋರ್ಟಲ್ ತೆರೆಯುವುದು ಅದಾದ ಮೇಲೆ. ಆ ಪತ್ರಿಕೆ ಆರಿಸಿಕೊಂಡಿದ್ದ ಇನ್ನಿಬ್ಬರಿಗೂ ಗೀಟೇ ಬಂದಿತ್ತು, ಅವರು ಅಲೆದು ಸಾಕಾಗಿ ಬಿಟ್ಟುಬಿಟ್ಟಿದ್ದರು. ಈ ಏರ್ಪಾಡು ಯಾವ ಮಹಾನುಭಾವರಿಗೆ ಹೊಳೆಯಿತೋ ಕಾಣೆ.

ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿ ಗೌರಿಬಿದನೂರಿಗೆ ಹೋಗಿ ಅವರನ್ನು ಹುಡುಕಿದೆ. ಒಂದು ಟ್ಯೂಷನ್ ಸೆಂಟರಿನಲ್ಲಿ ಪಾಠ ಮಾಡುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಅವರ ಮುಖ ಸಪ್ಪಗಾಯಿತು.

"ಅಂಕ ಎಲ್ಲಾ ಬರ್ದು ಡಿಪಾರ್ಟ್‌ಮೆಂಟಲ್ಲಿ ಕೊಟ್ಟೇ ಬಂದಿದೀನಮ್ಮ," ಎಂದರು. "ಬೇಕಾದ್ರೆ ಈಗ್ಲೇ ಬಂದು ಹತ್ತಿಸ್ತೀನಿ. ಆದ್ರೆ ಒಳಗೆ ಬಿಡಬೇಕಲ್ಲ? ಫೋನ್ ಮಾಡಿದ್ರೆ ನೀವ್ಯಾರು ಅಂತ ಕೇಳ್ತಾರೆ." ಟೀ ತರಿಸಿಕೊಟ್ಟರು. ನಾನು ಅವರನ್ನು ಬೈಯಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಟೀ ಕುಡಿದು ವಾಪಸ್ ಬಂದೆ.

ಇಷ್ಟರಲ್ಲಿ ಒಂದು ಬೆಳಿಗ್ಗೆ ಸ್ವತಃ ಪ್ರಿನ್ಸಿಪಾಲರೇ ಫೋನ್ ಮಾಡಿದರು. ಅಂಕ ಬಂತು ಎಂದೇ ತಿಳಿದೆ.

"ನಾಳೆ ಕಮಿಟಿ ಬರ್ತಿದೆಯಮ್ಮ. ಹಳೇ ವಿದ್ಯಾರ್ಥಿಗಳ ಜತೆ ಮಾತಾಡ್ಬೇಕಂತೆ. ನೀನು ಚೆನ್ನಾಗಿ ಮಾತಾಡ್ತೀಯ, ಬಂದ್ಬಿಡು. ರೇಷ್ಮೆ ಊರೋಳು, ರೇಷ್ಮೆ ಸೀರೆ ಉಟ್ಕೊಂಡೇ ಬಾ."

"ಸಾರ್, ನನ್ ರಿಸಲ್ಟು..."

"ಮೊದ್ಲು ಕಮಿಟಿ ಹೋಗ್ಲಿ. ಆಮೇಲೆ ನಿಂದೇ ಕೆಲ್ಸ."

ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ನೂಲು ಬಿಚ್ಚುವವರ ಮನೆಯಲ್ಲಿ ರೇಷ್ಮೆ ಸೀರೆ ಇರುವುದು ಅಪರೂಪ. ಪಕ್ಕದ ಮನೆಯಿಂದ ಕೇಳಿ ತಂದದ್ದು ಅಮ್ಮ. ಸೆರಗು ಸರಿ ಮಾಡುತ್ತಾ, "ಕೇಳ್ಕೊಳೇ, ಅಷ್ಟು ದೊಡ್ಡೋರು ಬರ್ತಾರಲ್ಲ, ಬಾಯ್ಬಿಟ್ಟು ಕೇಳು," ಎಂದಳು. ಕೇಳಲೇಬೇಕೆಂದು ನಾನೂ ಗಟ್ಟಿ ಮನಸ್ಸು ಮಾಡಿದ್ದೆ.

ಕಾಲೇಜಿಗೆ ಸುಣ್ಣ ಬಳಿದಿದ್ದರು. ನಾನು ಓದುವಾಗ ಒಂದು ದಿನವೂ ನೀರು ಬರದ ನಲ್ಲಿಯಲ್ಲಿ ನೀರು ಬರುತ್ತಿತ್ತು. ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಗುಲಾಬಿ ಹೂ ಕೊಟ್ಟರು, ಫೋಟೋ ತೆಗೆದರು. ಕಮಿಟಿಯಲ್ಲಿದ್ದ ಹಿರಿಯರೊಬ್ಬರು ಬೇರೆ ರಾಜ್ಯದವರು. ನಯವಾಗಿಯೇ ಇಂಗ್ಲಿಷಿನಲ್ಲಿ ಕೇಳಿದರು, ನೀನು ಯಾವ ವರ್ಷ ಪದವಿ ಪಡೆದೆಯಮ್ಮ ಎಂದು.

ಎದ್ದು ನಿಂತೆ. "ಇನ್ನೂ ಪಡೆದಿಲ್ಲ ಸಾರ್. ನನ್ನ ಅಂಕ..." ಎಂದೆ.

ಅಷ್ಟೇ. ಪ್ರಿನ್ಸಿಪಾಲರು ನಗುತ್ತಾ ನಡುವೆ ಬಂದುಬಿಟ್ಟರು. ಈ ಹುಡುಗಿ ಈಗ ಬಿಎಡ್ ಓದುತ್ತಿದ್ದಾಳೆ, ಆ ಪದವಿ ಇನ್ನೂ ಬಂದಿಲ್ಲ ಎನ್ನುತ್ತಿದ್ದಾಳೆ, ನಮ್ಮ ಮಕ್ಕಳು ಹೀಗೇ, ಮುಂದಕ್ಕೆ ಓದುತ್ತಲೇ ಇರುತ್ತಾರೆ ಎಂದರು. ಹಿರಿಯರು ತಲೆದೂಗಿದರು. ಪಕ್ಕದಲ್ಲಿದ್ದವರು ನನ್ನ ರಟ್ಟೆ ಹಿಡಿದು ಕೂರಿಸಿದರು. ಮತ್ತೊಮ್ಮೆ ಎದ್ದು ನಿಲ್ಲುವಷ್ಟರಲ್ಲಿ ಕಮಿಟಿ ಊಟಕ್ಕೆ ಹೋಗಿಯಾಗಿತ್ತು. ಗುಲಾಬಿ ಹಿಡಿದುಕೊಂಡು ಬಸ್ಸಿನಲ್ಲಿ ಅತ್ತೆ. ಸೀರೆಗೆ ಕಲೆಯಾದೀತೆಂದು ಅಳುವಾಗಲೂ ಸೆರಗು ಮುಟ್ಟಲಿಲ್ಲ.

ಕಮಿಟಿ ಹೋಯಿತು, ಗ್ರೇಡು ಬಂತು. ನನ್ನ ಗೀಟು ಗೀಟಾಗಿಯೇ ಇತ್ತು. ದಾಖಲೆ ಪರಿಶೀಲನೆಯ ಕೊನೆಯ ದಿನ ಚಿಂತಾಮಣಿಗೆ ಹೋದೆ. ಅಲ್ಲಿನ ಮೇಡಂ ನನ್ನ ಅಂಕಪಟ್ಟಿಗಳನ್ನೆಲ್ಲ ತಿರುವಿ ಹಾಕಿ, "ಇಷ್ಟು ಚೆನ್ನಾಗಿ ಓದಿದೀಯ, ಕೊನೇದು ಎಲ್ಲಮ್ಮ?" ಎಂದರು. ಬಂದಿಲ್ಲ ಎಂದೆ. "ಸಂಜೆವರೆಗೂ ನೋಡ್ತೀನಿ," ಎಂದು ಪಾಪ ಸಂಜೆಯವರೆಗೂ ಕಾದರು. ಆಮೇಲೆ ನನ್ನ ಹಿಂದಿನ ಹುಡುಗಿಯನ್ನು ಕರೆದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಒಲೆಗೆ ಸೌದೆ ತಳ್ಳುತ್ತಾ, "ನಾಳೆ ನಾನೂ ಬರ್ತೀನಿ ಕಣೇ," ಎಂದಳು. ಬೇಡವೆಂದೆ. ಏನೂ ಉಪಯೋಗವಿಲ್ಲವೆಂದೆ. ಅವಳು ಆಗಲೇ ಮರುದಿನದ ಗೂಡು ಬೇಯಿಸಲು ಬೇರೆಯವರಿಗೆ ಹೇಳಿಯಾಗಿತ್ತು.

ಕಾಲೇಜಿನ ಗೇಟಿನ ಹತ್ತಿರ ಅಮ್ಮ ನಿಂತುಬಿಟ್ಟಳು. ಹೊಸ ಫ್ಲೆಕ್ಸ್ ಕಟ್ಟಿದ್ದರು. ಒಳ್ಳೆಯ ಗ್ರೇಡು ಬಂದದ್ದಕ್ಕೆ ಎಲ್ಲರಿಗೂ ಅಭಿನಂದನೆ. ಕೆಳಗೆ ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು ಎಂದು ಸಾಲಾಗಿ ಫೋಟೋಗಳು. ಅದರಲ್ಲಿ ಪಕ್ಕದ ಮನೆಯ ಸೀರೆ ಉಟ್ಟುಕೊಂಡು, ಗುಲಾಬಿ ಹಿಡಿದುಕೊಂಡು ನಾನು.

"ಅಯ್ಯೋ ದೇವುಡಾ, ನೀನೇ ಅಲ್ವೇನೇ ಇದು? ಏನಂತ ಬರ್ದವ್ರೆ?"

ಓದಿ ಹೇಳಿದೆ. ಬಿಎಸ್ಸಿ ಪದವೀಧರೆ, ಸದ್ಯ ಬಿಎಡ್ ವ್ಯಾಸಂಗ.

ಅಮ್ಮ ನೆಟ್ಟಗೆ ಕಿಟಕಿಗೆ ಹೋದಳು. ಗುಮಾಸ್ತರು ನನ್ನನ್ನು ನೋಡಿ ಮುಂದಿನ ವಾರ ಎನ್ನಲು ಬಾಯಿ ತೆರೆದಿದ್ದರು. ಅಮ್ಮ ನೀರಿನಲ್ಲಿ ಬೆಂದು ಬೆಳ್ಳಗಾದ ಕೈಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಜಗಳವಾಡುತ್ತಾಳೇನೋ ಎಂದು ನಾನು ಹೆದರಿದೆ. ಅವಳು ಮೆಲ್ಲಗೆ ಕೇಳಿದಳು.

"ಸ್ವಾಮಿ, ನನ್ ಮಗಳು ಬಿಎಡ್ ಓದ್ತವ್ಳೆ ಅಂತ ಹೊರಗಡೆ ಹಾಕಿದೀರಲ್ಲ. ನಮಗೆ ಗೊತ್ತೇ ಇರ್ಲಿಲ್ಲ, ಮನೇಲೇ ಇಟ್ಕೊಂಡು ನೂಲು ಬಿಚ್ಚಿಸ್ತಿದೀನಿ. ಆ ಕಾಲೇಜು ಎಲ್ಲೈತೆ ಅಂತ ಹೇಳ್ಬಿಡಿ, ನಾಳೆಯಿಂದ ಕಳಿಸ್ತೀನಿ."